ರೇಡಿಯೋ ನಿಯಂತ್ರಿತ ಫಾರ್ಮುಲಾ ಕಾರು: ಆಯ್ಕೆ ಮತ್ತು ಅಣಿಗೊಳಿಸುವ ಕ್ರಮ

ಆಟಿಕೆಯೆಂದೊಡನೆ ಮಕ್ಕಳ ಕೈಯಲ್ಲಿ ನಾಲ್ಕು ದಿನ ಮೆರೆದು, ಮುರಿದು, ಮೂಲೆ ಸೇರುವ ವಸ್ತುವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆದರೆ ಜಪಾನ್, ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಆಟಿಕೆಯಂತೆಯೇ ಕಾಣುವ ಒಂದು ಯಂತ್ರವು ಹಿರಿಯರನ್ನೂ ಕಿರಿಯರನ್ನೂ ಒಂದೇ ಮೇಜಿನ ಸುತ್ತ ಕೂಡಿಸಿ, ಬಲವಿಜ್ಞಾನದ ಪಾಠವನ್ನು ಕೈಯಿಂದಲೇ ಕಲಿಸುತ್ತಿದೆ. ಅದೇ ರೇಡಿಯೋ ನಿಯಂತ್ರಿತ ಫಾರ್ಮುಲಾ ಕಾರು. ನಿಜವಾದ ಪಂದ್ಯದ ಕಾರಿನ ಹತ್ತನೆಯ ಒಂದು ಅಳತೆಯ ಈ ಯಂತ್ರವು ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ.

ಇದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಅರಿಯುವುದು ಉಚಿತ. ಜಪಾನಿನ ಶಿಜುವೊಕಾ ನಗರದ ತಾಮಿಯಾ ಸಂಸ್ಥೆಯು 1976ರಲ್ಲಿ ತನ್ನ ಮೊದಲ ರೇಡಿಯೋ ನಿಯಂತ್ರಿತ ಕಾರನ್ನು ಹೊರತಂದಿತು. ಅದು ಪೋರ್ಷೆ 934ರ ಮಾದರಿ. ಮರುವರ್ಷ, ಆರು ಗಾಲಿಗಳಿಂದ ಜಗತ್ತಿನ ಗಮನ ಸೆಳೆದಿದ್ದ ಟಿರೆಲ್ ಪಿ34 ಎಂಬ ಫಾರ್ಮುಲಾ ಕಾರಿನ ಮಾದರಿಯೂ ಬಂದಿತು. ಈ ಹವ್ಯಾಸವು ಬೆಳೆದಂತೆ ನಿಯಮಗಳನ್ನು ರೂಪಿಸುವ ಸಂಸ್ಥೆಗಳೂ ಬೆಳೆದವು. ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಮಾರ್ 1979ರಲ್ಲಿ ಸ್ಥಾಪಿತವಾಯಿತು. ಆದರೂ ಈ ಕ್ರೀಡೆಯ ಜೀವಾಳವಿರುವುದು ಊರೂರಿನ ಸಣ್ಣ ಸಂಘಗಳಲ್ಲಿ. ಬ್ರಿಟನ್ನಿನಲ್ಲಿ ಚಳಿಗಾಲದ ಸಂಜೆ ಶಾಲೆಯ ಅಥವಾ ಸಮುದಾಯದ ಸಭಾಂಗಣದಲ್ಲಿ ಕಾರ್ಪೆಟ್ ಹಾಸಿ ಪಥವನ್ನು ಕಟ್ಟುತ್ತಾರೆ. ಬೇಸಿಗೆಯಲ್ಲಿ ಹೊರಗಿನ ಡಾಂಬರು ಪಥದಲ್ಲಿ ಓಡಿಸುತ್ತಾರೆ. ಸಾಮಾನ್ಯವಾಗಿ ಒಂದೊಂದು ಓಟಕ್ಕೆ ಐದು ನಿಮಿಷ. ಓಟ ಮುಗಿಸಿದವರು ಕಾರನ್ನು ಕೆಳಗಿಟ್ಟು, ಮುಂದಿನ ತಂಡದವರ ಕಾರುಗಳು ಮಗುಚಿದರೆ ಎತ್ತಿ ನಿಲ್ಲಿಸಲು ಪಥದ ಸುತ್ತ ನಿಲ್ಲಬೇಕೆಂಬುದು ಅಲ್ಲಿನ ಕಟ್ಟುನಿಟ್ಟಾದ ಸಂಪ್ರದಾಯ.

ಹೊಸದಾಗಿ ಬರುವವನು ಮೊದಲು ಎಡವುವುದು ಆಯ್ಕೆಯಲ್ಲಿ. ಅತಿ ವೇಗದ ಮೋಟಾರು, ಅತಿ ಬೆಲೆಯ ಚಾಸಿ ಕೊಂಡು, ಮೊದಲ ತಿರುವಿನಲ್ಲೇ ಗೋಡೆಗೆ ಅಪ್ಪಳಿಸಿ, ಎರಡು ವಾರಗಳಲ್ಲಿ ಮನಸ್ಸು ಕುಗ್ಗಿ ದೂರವಾಗುವವರು ಉಂಟು. ಹೋದ ಹಣ ದೊಡ್ಡದಲ್ಲ. ಹೋದ ಉತ್ಸಾಹ ದೊಡ್ಡದು. ಹತ್ತು ಮಂದಿಯಿಂದ ನಡೆಯುವ ಸಂಘಕ್ಕೆ ಇಬ್ಬರು ಬಿಟ್ಟುಹೋದರೂ ಆ ವರ್ಗದ ಪಂದ್ಯವೇ ನಿಂತುಹೋಗಬಹುದು. ಆದ್ದರಿಂದ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಅಂಗಡಿಗೆ ಹೋಗುವ ಮುನ್ನ ಸಂಘಕ್ಕೆ ಹೋಗಿ ಒಂದು ಸಂಜೆ ನೋಡತಕ್ಕದ್ದು. ಅಲ್ಲಿ ಯಾವ ಟೈರು, ಯಾವ ಮೋಟಾರು, ಎಷ್ಟು ಅಗಲದ ಕಾರು ನಿಯಮಕ್ಕೆ ಒಪ್ಪುತ್ತದೆ, ಯಾವ ಚಾಸಿಯ ಬಿಡಿಭಾಗ ನೆರೆಯವನ ಪೆಟ್ಟಿಗೆಯಲ್ಲಿ ಸಿಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ಈ ಕಾರುಗಳ ರಚನೆ ಸರಳ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಚಾಲನೆ. ಮೋಟಾರೂ ಹಿಂದಿನ ಅಚ್ಚೂ ಒಂದೇ ಗೂಡಿನಲ್ಲಿ ಕೂಡಿರುತ್ತವೆ. ಆ ಗೂಡನ್ನು ಮುಂಭಾಗಕ್ಕೆ ಜೋಡಿಸುವ ರೀತಿಯಲ್ಲಿ ಎರಡು ಬಗೆಗಳಿವೆ. ತಾಮಿಯಾ ಎಫ್104ರಂತಹ ಕಾರುಗಳಲ್ಲಿ ಇಂಗ್ಲಿಷಿನ ಟಿ ಅಕ್ಷರದಾಕಾರದ ಒಂದು ತೆಳು ಪಟ್ಟಿಯು ಬಾಗುತ್ತ, ತಿರುಚುತ್ತ ಸ್ಪ್ರಿಂಗಿನ ಕೆಲಸವನ್ನೂ ಮಾಡುತ್ತದೆ. ಎರಡನೆಯ ಬಗೆಯಲ್ಲಿ ಪಕ್ಕದ ಎರಡು ಕೊಂಡಿಗಳೂ ನಡುವಿನ ಒಂದು ಗುಂಡುಕೀಲೂ ಗೂಡನ್ನು ಹಿಡಿದಿರುತ್ತವೆ. ಓಲಾಟಕ್ಕೆ ಪಕ್ಕದ ಸ್ಪ್ರಿಂಗುಗಳು, ಏರಿಳಿತಕ್ಕೆ ನಡುವಿನ ಡ್ಯಾಂಪರ್. ಮೊದಲನೆಯದು ಅಗ್ಗ, ಜೋಡಿಸಲು ಸುಲಭ. ಎರಡನೆಯದರಲ್ಲಿ ಒಂದೊಂದು ಗುಣವನ್ನೂ ಬೇರೆ ಬೇರೆಯಾಗಿ ತಿದ್ದಬಹುದು. ಕಲಿಯುವವನಿಗೆ ಎರಡೂ ಯೋಗ್ಯವೇ.

ಮೋಟಾರಿನ ವಿಷಯದಲ್ಲಿ ಅನೇಕ ಸಂಘಗಳು 21.5 ಸುತ್ತಿನ ಬ್ರಷ್‌ರಹಿತ ಮೋಟಾರನ್ನು ಗೊತ್ತುಪಡಿಸಿವೆ. ತಂತಿಯ ಸುತ್ತು ಹೆಚ್ಚಿದಷ್ಟೂ ಮೋಟಾರು ಸೌಮ್ಯ, ಕಡಿಮೆಯಾದಷ್ಟೂ ಉಗ್ರ. ಎಲ್ಲರಿಗೂ ಒಂದೇ ಬಗೆಯ ಮೋಟಾರಿದ್ದಾಗ ಹಣಕ್ಕಿಂತ ಕೈಚಳಕವೇ ಗೆಲ್ಲುತ್ತದೆ ಎಂಬುದು ಈ ನಿಯಮದ ಆಶಯ. ರೇಡಿಯೋ ಸಹ ಇಂದು ಸುಲಭವಾಗಿದೆ. ಹಿಂದೆ ಬ್ರಿಟನ್ನಿನಲ್ಲಿ 27 ಮತ್ತು 40 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಇಬ್ಬರು ಒಂದೇ ಕಂಪನಾಂಕ ಬಳಸಿದರೆ ಕಾರುಗಳು ಹಿಡಿತ ತಪ್ಪುತ್ತಿದ್ದವು. ಈಗಿನ 2.4 ಗಿಗಾಹರ್ಟ್ಸ್ ಉಪಕರಣಗಳು ಆ ತೊಡಕನ್ನು ತಾವೇ ನಿವಾರಿಸಿಕೊಳ್ಳುತ್ತವೆ.

ಬ್ಯಾಟರಿಯ ಬಗೆಗೆ ಮಾತ್ರ ಎಳ್ಳಷ್ಟೂ ಉದಾಸೀನ ಸಲ್ಲದು. ಎರಡು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಗೊತ್ತಾದ ಒತ್ತಡ 7.4 ವೋಲ್ಟ್, ಪೂರ್ತಿ ತುಂಬಿದಾಗ 8.4 ವೋಲ್ಟ್. ಅದಕ್ಕೆ ಮೀರಿ ತುಂಬಿದರೆ, ಚುಚ್ಚಿದರೆ, ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಇದಕ್ಕೆಂದೇ ಮಾಡಿದ ಚಾರ್ಜರನ್ನೇ ಬಳಸಿ, ಬೆಂಕಿ ತಾಳುವ ಚೀಲದಲ್ಲಿಟ್ಟು, ಎದುರಿನಲ್ಲಿದ್ದೇ ತುಂಬಬೇಕು. ಉಬ್ಬಿದ ಬ್ಯಾಟರಿಯನ್ನು ಎಷ್ಟೇ ಬೆಲೆಯದಾದರೂ ಮತ್ತೆ ಬಳಸಬಾರದು. ಕಿರಿಯರ ಕೈಗೆ ಕಾರು ಕೊಡುವ ಹಿರಿಯರು ಈ ಪಾಠವನ್ನು ಮೊದಲು ಕೊಡತಕ್ಕದ್ದು.

ಇನ್ನು ಅಣಿಗೊಳಿಸುವ ಕ್ರಮ. ಮೊದಲನೆಯ ಕೆಲಸ, ಕಾರು ತಿರುಚಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಸಮತಟ್ಟಾದ ಗಾಜಿನ ಮೇಲೆ ಕಾರನ್ನಿಟ್ಟು, ಮುಂಭಾಗದ ನಟ್ಟನಡುವೆ ಚಾಕುವಿನ ಮೊನೆಯಿಂದ ಮೆಲ್ಲಗೆ ಎತ್ತಬೇಕು. ಎರಡು ಮುಂಗಾಲಿಗಳೂ ಏಕಕಾಲಕ್ಕೆ ಮೇಲೇಳಬೇಕು. ಒಂದು ಮೊದಲು ಎದ್ದರೆ ಭಾರ ಸಮನಾಗಿ ಹಂಚಿಲ್ಲವೆಂದರ್ಥ. ಅಂಥ ಕಾರು ಎಡತಿರುವಿನಲ್ಲಿ ಒಂದು ಬಗೆ, ಬಲತಿರುವಿನಲ್ಲಿ ಇನ್ನೊಂದು ಬಗೆ ವರ್ತಿಸುತ್ತದೆ. ಈ ದೋಷವಿರುವಾಗ ಮಾಡಿದ ಬೇರೆಲ್ಲ ತಿದ್ದುಪಡಿಯೂ ವ್ಯರ್ಥ.

ಅನಂತರ ನೆಲದಿಂದ ಚಾಸಿಯ ಎತ್ತರ. ಕಾರ್ಪೆಟ್ಟಿನ ಮೇಲೆ ನಾಲ್ಕೈದು ಮಿಲಿಮೀಟರಿನಿಂದ ಆರಂಭಿಸಬಹುದು. ಉಬ್ಬುತಗ್ಗಿನ ಡಾಂಬರಿಗೆ ತುಸು ಹೆಚ್ಚು ಬೇಕು. ಮುಂಗಾಲಿಗಳ ಮೇಲ್ತುದಿ ಒಂದರಿಂದ ಒಂದೂವರೆ ಡಿಗ್ರಿಯಷ್ಟು ಒಳಕ್ಕೆ ವಾಲಿರಲಿ. ಹಿಂದಿನ ಅಚ್ಚಿನ ಬಾಲ್ ಡಿಫರೆನ್ಷಿಯಲನ್ನು ಪರೀಕ್ಷಿಸಲು ಎರಡು ಹಿಂಗಾಲಿಗಳನ್ನೂ ಬಿಗಿಹಿಡಿದು, ದೊಡ್ಡ ಹಲ್ಲುಗಾಲಿಯನ್ನು ಹೆಬ್ಬೆರಳಿನಿಂದ ನೂಕಬೇಕು. ಅದು ಸುಲಭವಾಗಿ ಜಾರಿದರೆ ಬಿಗಿ ಸಾಲದು. ಕಾರು ವೇಗ ಪಡೆಯುವಾಗ ಗುಂಡುಗಳು ಸವೆದುಹೋಗುತ್ತವೆ.

ಹಲ್ಲುಗಾಲಿಗಳ ಲೆಕ್ಕ ಶಾಲೆಯ ಗಣಿತದಷ್ಟೇ ಸರಳ. ಮೋಟಾರಿನ ಪಿನಿಯನ್ನಿಗೆ 32 ಹಲ್ಲು, ಅಚ್ಚಿನ ಗಾಲಿಗೆ 96 ಹಲ್ಲು ಇದ್ದರೆ, ಮೋಟಾರು ಮೂರು ಸುತ್ತು ತಿರುಗಿದಾಗ ಟೈರು ಒಂದು ಸುತ್ತು ತಿರುಗುತ್ತದೆ. ಟೈರಿನ ವ್ಯಾಸ 60 ಮಿ.ಮೀ. ಆದರೆ ಸುತ್ತಳತೆ 188.5 ಮಿ.ಮೀ.; ಮೋಟಾರಿನ ಒಂದು ಸುತ್ತಿಗೆ ಕಾರು ಸಾಗುವುದು 62.8 ಮಿ.ಮೀ. ಸ್ಪಂಜಿನ ಟೈರು ಸವೆದು 58 ಮಿ.ಮೀ. ಆದಾಗ ಅದು 60.7ಕ್ಕೆ ಇಳಿಯುತ್ತದೆ. ಆಗ ಪಿನಿಯನ್ನಿಗೆ ಒಂದು ಹಲ್ಲು ಹೆಚ್ಚಿಸಿದರೆ ನಷ್ಟ ತುಂಬಿಬರುತ್ತದೆ. ಆದರೆ ಹಲ್ಲು ಅತಿಯಾಗಿ ಹೆಚ್ಚಿದರೆ ಮೋಟಾರು ಕಾಯುತ್ತದೆ. ಪ್ರತಿ ಓಟದ ಬಳಿಕ ಅದರ ಶಾಖವನ್ನು ನೋಡುವುದು ಜಾಣತನ.

ಪಥಕ್ಕಿಳಿದ ಮೇಲೆ ಕಾರಿನ ನಡತೆಯೇ ಗುರು. ಚಕ್ರ ತಿರುಗಿಸಿದರೂ ಕಾರು ನೇರಕ್ಕೇ ಜಾರಿದರೆ ಮುಂಭಾಗಕ್ಕೆ ಹಿಡಿತ ಸಾಲದೆಂದು ತಿಳಿಯಬೇಕು: ಮುಂದಿನ ಸ್ಪ್ರಿಂಗನ್ನು ಮೃದುಗೊಳಿಸಬಹುದು, ಇಲ್ಲವೆ ಬ್ಯಾಟರಿಯನ್ನು ತುಸು ಮುಂದಕ್ಕೆ ಸರಿಸಬಹುದು. ಹಿಂಭಾಗವೇ ಜಾರಿ ಕಾರು ಗಿರಕಿ ಹೊಡೆದರೆ ಹಿಂದಿನ ಪಕ್ಕದ ಸ್ಪ್ರಿಂಗುಗಳನ್ನು ಮೃದುಗೊಳಿಸಬೇಕು, ಇಲ್ಲವೆ ಹಿಂದಿನ ರೆಕ್ಕೆಯ ಓರೆಯನ್ನು ಹೆಚ್ಚಿಸಬೇಕು. ರೆಕ್ಕೆಯು ಕೆಳಕ್ಕೊತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಇಮ್ಮಡಿಸಿದರೆ ಬಲ ನಾಲ್ಮಡಿಯಾಗುತ್ತದೆ. ಆದ್ದರಿಂದ ನಿಧಾನವಾದ ತಿರುವಿನ ದೋಷವನ್ನು ರೆಕ್ಕೆಯಿಂದ ತಿದ್ದಲಾಗದು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲವನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಎರಡನ್ನು ಕೂಡಿ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ಫಾರ್ಮುಲಾ ಕಾರಿನ ಗಾಲಿಗಳು ಹೊದಿಕೆಯಿಲ್ಲದೆ ಹೊರಗೆ ಚಾಚಿರುತ್ತವೆ. ಗಾಲಿಗೆ ಗಾಲಿ ತಗುಲಿದರೆ ಎರಡು ಕಾರುಗಳೂ ಮಗುಚುತ್ತವೆ. ಮುಂದಿನ ರೆಕ್ಕೆಯಂತೂ ಒಂದು ಪೆಟ್ಟಿಗೆ ಮುರಿಯುತ್ತದೆ. ಎದುರಾಳಿಯನ್ನು ತಳ್ಳಿ ಮುಂದೆ ಸಾಗುವ ಚಟ ಇಲ್ಲಿ ನಡೆಯದು. ಒಂದು ಸುತ್ತು ಕಾದು, ಅವನು ತಪ್ಪಿದಾಗ ಸ್ವಚ್ಛವಾಗಿ ದಾಟುವವನೇ ಐದು ನಿಮಿಷಗಳ ಕೊನೆಯಲ್ಲಿ ಮುಂದಿರುತ್ತಾನೆ.

ಅಳೆಯುವ ಶಿಸ್ತು, ಬರೆದಿಡುವ ಅಭ್ಯಾಸ, ಬೆಂಕಿಯ ಬಗೆಗೆ ಎಚ್ಚರ, ಎದುರಾಳಿಯ ಮಗುಚಿದ ಕಾರನ್ನು ಎತ್ತಿ ನಿಲ್ಲಿಸುವ ಸೌಜನ್ಯ, ಇವಿಷ್ಟನ್ನೂ ಈ ಕಿರುಯಂತ್ರ ಬೇಡುತ್ತದೆ. ಬಹುಮಾನ ಒಬ್ಬನಿಗೆ ಸಲ್ಲುತ್ತದೆ. ಈ ಗುಣಗಳಾದರೋ ಆಡಿದ ಎಲ್ಲರಿಗೂ ಸಲ್ಲುತ್ತವೆ.