ಓಕ್ ಮರಗಳ ನೆರಳಲ್ಲಿ ಮರೆಯಾದ ಹೆಸರು

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಲೂಯಿಸಿಯಾನಾ ರಾಜ್ಯದ ಮಿಸಿಸಿಪ್ಪಿ ನದಿಯ ದಂಡೆಯುದ್ದಕ್ಕೂ ಹಳೆಯ ಕಬ್ಬಿನ ಪ್ಲಾಂಟೇಷನ್‌ಗಳಿವೆ. ಅವುಗಳಲ್ಲಿ ಬಹಳ ಹೆಸರಾದದ್ದು ಓಕ್ ಆಲಿ. ಎರಡು ಸಾಲುಗಳಲ್ಲಿ 28 ಓಕ್ ಮರಗಳು; ಮೇಲೆ ಕೊಂಬೆಗಳು ಒಂದಕ್ಕೊಂದು ಕೂಡಿ ಚಪ್ಪರ ಹಾಕಿದಂತಿದೆ. ಅದರ ತುದಿಯಲ್ಲಿ ದಪ್ಪ ಕಂಬಗಳ ಭವ್ಯ ಬಂಗಲೆ. ಪ್ರವಾಸಿಗರು ಫೋಟೊ ತೆಗೆಯುವುದು ಇಲ್ಲೇ. 1837ರಿಂದ 1839ರವರೆಗೆ ಈ ಬಂಗಲೆಯನ್ನು ಕಟ್ಟಲು ದುಡಿದವರು ಗುಲಾಮರು. ಅವರ ಗುಡಿಸಲುಗಳಿದ್ದದ್ದು ಬಂಗಲೆಯ ಹಿಂದೆ. ಈಗ ಅಲ್ಲಿರುವವು ಮಾದರಿಯಾಗಿ ಮತ್ತೆ ಕಟ್ಟಿದವು.

ವಿಜ್ಞಾನದ ಮೇಷ್ಟರಾದ ನನ್ನನ್ನು ತಡೆದು ನಿಲ್ಲಿಸಿದ್ದು ಆ ಗುಲಾಮರಲ್ಲಿ ಒಬ್ಬರ ಹೆಸರು: ಆಂಟ್ವಾನ್. ಅವರು ತೋಟದ ಮಾಲಿ. ಪೆಕಾನ್ ಎಂಬುದು ಅಕ್ರೋಟಿನ ಕುಟುಂಬಕ್ಕೆ ಸೇರಿದ ಮರ. ಒಳ್ಳೆಯ ಕಾಯಿಯನ್ನೇ ಬಿತ್ತಿದರೂ ಹುಟ್ಟುವ ಗಿಡ ತಾಯಿಮರದಂತಿರುವುದಿಲ್ಲ. ಗಾಳಿ ಯಾವುದೋ ಮರದ ಪರಾಗ ತಂದು ಬೆರೆಸಿರುತ್ತದೆ. ತಾಯಿಯ ಗುಣ ಉಳಿಯಬೇಕಾದರೆ ನಮ್ಮ ಮಾವಿನಂತೆ ಕಸಿ ಕಟ್ಟಬೇಕು. ಪೆಕಾನ್ ಕಸಿಗೆ ಸುಲಭವಾಗಿ ಒಗ್ಗುವ ಮರವಲ್ಲ. 1846-47ರ ಚಳಿಗಾಲದಲ್ಲಿ ಆಂಟ್ವಾನ್ 16 ಮರಗಳಿಗೆ ಉತ್ತಮ ತಳಿಯ ಕುಡಿಗಳನ್ನು ಕಸಿ ಕಟ್ಟಿ ಯಶಸ್ವಿಯಾದರು. ಮುಂದೆ ತೋಟ ಬೇರೆಯವರ ಕೈಗೆ ಹೋಯಿತು. ಆ ಕಾಯಿಗಳು 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಮೆಚ್ಚುಗೆ ಪಡೆದವು. ತಳಿಗೆ ‘ಸೆಂಟೆನಿಯಲ್’, ಅಂದರೆ ಶತಮಾನೋತ್ಸವ, ಎಂದು ಹೆಸರಿಟ್ಟರು. ಕಸಿ ಕಟ್ಟಿದವರ ಹೆಸರು ಅದರಲ್ಲಿಲ್ಲ.

ಅವರ ಹೆಸರು ಉಳಿದದ್ದು ಇನ್ನೊಂದು ಕಡೆ. 1848ರಲ್ಲಿ ಮಾಲೀಕ ತೀರಿಕೊಂಡಾಗ ಆಸ್ತಿಯ ಪಟ್ಟಿ ಮಾಡಿದರು. ಅದರಲ್ಲಿ ಆಂಟ್ವಾನ್, ವಯಸ್ಸು 38, ಪೆಕಾನ್ ಕಸಿಯಲ್ಲಿ ನಿಪುಣ, ಬೆಲೆ 1,000 ಡಾಲರ್ ಎಂದು ಬರೆದಿದ್ದಾರೆ. ಒಬ್ಬ ಮನುಷ್ಯನ ಜಾಣ್ಮೆಯನ್ನು ಗುರುತಿಸಿದ್ದು ಆತನನ್ನು ಮಾರುವ ಬೆಲೆ ಕಟ್ಟಲಿಕ್ಕಾಗಿ!

ಆಲೆಮನೆ ನೋಡಿದವರಿಗೆ ಅಲ್ಲಿನ ಸಕ್ಕರೆ ಕೆಲಸವನ್ನು ಊಹಿಸುವುದು ಕಷ್ಟವಲ್ಲ. ಕಡಿದ ಕಬ್ಬನ್ನು ಇಟ್ಟರೆ ಸಕ್ಕರೆ ಅಂಶ ಕೆಡುತ್ತದೆ. ಆದ್ದರಿಂದ ಸುಗ್ಗಿಯಲ್ಲಿ ಹಗಲು ರಾತ್ರಿ ಒಲೆ ಆರುವಂತಿರಲಿಲ್ಲ. ಕುದಿಯುವ ಕಬ್ಬಿನ ಹಾಲನ್ನು ಗುಲಾಮರು ಉದ್ದನೆಯ ಸೌಟುಗಳಿಂದ ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕಿತ್ತು. ನಿದ್ದೆಗಣ್ಣಿನಲ್ಲಿ ಕೈ ತಪ್ಪಿದರೆ ಮೈ ಸುಟ್ಟಿತೆಂದೇ ಅರ್ಥ.

ಈ ಪದ್ಧತಿಯನ್ನು ಬದಲಿಸಿದವರು 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ನಾರ್ಬರ್ಟ್ ರಿಲಿಯೊ. ತಂದೆ ಬಿಳಿಯರು, ತಾಯಿ ಆಫ್ರಿಕಾ ಮೂಲದ ಸ್ವತಂತ್ರ ಮಹಿಳೆ. ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿ ಎಂಬುದು ಅಲ್ಲಿನ ಕಾನೂನು; ಹಾಗಾಗಿ ರಿಲಿಯೊ ಸ್ವತಂತ್ರರಾದರು, ಪ್ಯಾರಿಸ್‌ನಲ್ಲಿ ಓದಿದರು. ಒತ್ತಡ ಇಳಿದರೆ ದ್ರವ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆಂದು ವಿದ್ಯಾರ್ಥಿಗಳಿಗೆ ಗೊತ್ತು. ರಿಲಿಯೊ ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಒಂದರಲ್ಲಿ ಎದ್ದ ಹಬೆಯಿಂದಲೇ ಒತ್ತಡ ಕಡಿಮೆಯಿದ್ದ ಮುಂದಿನದನ್ನು ಕುದಿಸಿದರು. ಉರುವಲು ಉಳಿಯಿತು, ಸಕ್ಕರೆಯ ಗುಣಮಟ್ಟವೂ ಏರಿತು. 1843ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಇಂದು ನಮ್ಮ ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೂ ಇದೇ ತತ್ವವನ್ನು ಬಳಸುತ್ತವೆ.

ಆದರೆ ಯಂತ್ರ ಬಂದರೂ ಗುಲಾಮಗಿರಿ ಹೋಗಲಿಲ್ಲ. ಯಂತ್ರ ಕೊಂಡವರು ಗುಲಾಮರನ್ನು ಇಟ್ಟುಕೊಂಡಿದ್ದ ಧಣಿಗಳೇ. 1858ರಲ್ಲಿ ಅಮೆರಿಕದ ಅಟಾರ್ನಿ ಜನರಲ್, ಗುಲಾಮರ ಆವಿಷ್ಕಾರಕ್ಕೆ ಪೇಟೆಂಟ್ ಕೊಡಲಾಗದು ಎಂದರು. 1860ರ ಜನಗಣತಿಯಂತೆ ಲೂಯಿಸಿಯಾನಾ ಒಂದರಲ್ಲೇ 3,31,726 ಗುಲಾಮರಿದ್ದರು. ಇಡೀ ದೇಶದಲ್ಲಿ ಸುಮಾರು 40 ಲಕ್ಷ. ಅವರ ಬಿಡುಗಡೆಗೆ ಅಂತರ್ಯುದ್ಧವೇ ನಡೆಯಬೇಕಾಯಿತು. 1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. ಇವರಲ್ಲಿ ಎಷ್ಟು ಮಂದಿ ಆಂಟ್ವಾನರು, ಎಷ್ಟು ಮಂದಿ ರಿಲಿಯೊಗಳು ಇದ್ದಿರಬಹುದು?

ಓಕ್ ಆಲಿಯಿಂದ ಕೆಲವೇ ಮೈಲಿ ದೂರದಲ್ಲಿ ವಿಟ್ನಿ ಪ್ಲಾಂಟೇಷನ್ ಇದೆ. 2014ರ ಡಿಸೆಂಬರ್‌ನಲ್ಲಿ ತೆರೆದ ಈ ವಸ್ತುಸಂಗ್ರಹಾಲಯಕ್ಕೆ ಗುಲಾಮರ ಬದುಕೇ ಮುಖ್ಯ ವಿಷಯ. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ಹಳೆಯ ದಾಖಲೆಗಳಿಂದ ಹೆಕ್ಕಿ ತೆಗೆದ ಲೂಯಿಸಿಯಾನಾದ 1,07,000 ಗುಲಾಮರ ಹೆಸರುಗಳನ್ನು ಇಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರೆ. ಮಾರಾಟದ ಲೆಕ್ಕಕ್ಕೆಂದು ಬರೆದಿಟ್ಟ ಕಾಗದಗಳೇ ಇಂದು ಅವರ ನೆನಪನ್ನು ಉಳಿಸಿವೆ.

ಮಕ್ಕಳು ಮೊಮ್ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ತಂದೆತಾಯಿಗಳು ಈಗ ಬಹಳ. ದಕ್ಷಿಣದ ರಾಜ್ಯಗಳಿಗೆ ಹೋದರೆ ಮಕ್ಕಳೊಂದಿಗೆ ಇಂಥ ಒಂದು ಜಾಗವನ್ನು ನೋಡಿ ಬನ್ನಿ. ಬಂಗಲೆಯ ಎದುರು ಫೋಟೊ ತೆಗೆಯುವುದರಲ್ಲಿ ತಪ್ಪೇನಿಲ್ಲ. ಆಮೇಲೆ ಹಿಂದಿನ ಗುಡಿಸಲುಗಳಿಗೂ ಹೋಗಿ, ಅಲ್ಲಿ ಬರೆದಿರುವ ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಬೆಲೆಯ ಪಟ್ಟಿಯಲ್ಲಿ ಸೇರಿದ್ದ ಹೆಸರನ್ನು ಒಂದು ಮಗು ಮನುಷ್ಯನ ಹೆಸರಾಗಿ ಓದಿದರೆ, ಆ ಪ್ರವಾಸ ಸಾರ್ಥಕ.