ಸಿ ಗ್ರೇಡ್ ಬಂದ ಹುಡುಗ ಸಂವಿಧಾನ ತಿದ್ದಿಸಿದ!

ಪ್ರಶ್ನೆ: ಅಮೆರಿಕದ ಸಂವಿಧಾನಕ್ಕೆ ಎಷ್ಟು ತಿದ್ದುಪಡಿಗಳಾಗಿವೆ? ಉತ್ತರ: 27.

ಇಷ್ಟೇ! ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದವರು ಉರುಹೊಡೆಯುವ ಪುಟ್ಟ ಪ್ರಶ್ನೋತ್ತರ ಪುಸ್ತಿಕೆಯಲ್ಲಿ ಈ ವಿಷಯಕ್ಕೆ ಸಿಕ್ಕಿರುವ ಜಾಗ ಎರಡೇ ಸಾಲು. ಇಂಗ್ಲಿಷನ್ನು ಈಗಷ್ಟೇ ಕಲಿಯುತ್ತಿರುವ ಹೋಟೆಲ್ ಅಡುಗೆಯವನಿಗೂ, ಮಗನ ಜೊತೆ ಬಂದು ನೆಲೆಸಿದ ಅಜ್ಜಿಗೂ ಅರ್ಥವಾಗಬೇಕಲ್ಲ, ಅದಕ್ಕೇ ಅಷ್ಟು ಚಿಕ್ಕದು, ಅಷ್ಟು ಸರಳ. ಮೊದಲ ಸಲ ತಿರುವಿ ಹಾಕಿದಾಗ ನನಗೂ ಇದೇನು ಮಕ್ಕಳ ಪಠ್ಯವೇ ಅನ್ನಿಸಿತ್ತು. ಆದರೆ ಆ 27 ಎಂಬ ಅಂಕಿಯ ಬೆನ್ನು ಹತ್ತಿ ಹೊರಟೆ ನೋಡಿ, ರಾತ್ರಿ ಊಟ ತಣ್ಣಗಾದದ್ದೂ ಗೊತ್ತಾಗಲಿಲ್ಲ.

ಪರೀಕ್ಷೆಯ ಸಂಗತಿಯನ್ನು ಬೇಗ ಹೇಳಿಬಿಡುತ್ತೇನೆ. ಹಿಂದೆ ಪುಸ್ತಿಕೆಯಲ್ಲಿ 100 ಪ್ರಶ್ನೆಗಳಿದ್ದವು. ಅಧಿಕಾರಿ ಎದುರು ಕೂರಿಸಿಕೊಂಡು ಹತ್ತು ಕೇಳುತ್ತಿದ್ದರು, ಆರು ಸರಿಯಾದರೆ ಪಾಸು. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಹಾಕಿದವರಿಗೆ ಒಟ್ಟು 128 ಪ್ರಶ್ನೆಗಳು, ಕೇಳುವ ಇಪ್ಪತ್ತರಲ್ಲಿ ಹನ್ನೆರಡು ಸರಿಯಾಗಬೇಕು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಬೇಕು, ಒಂದು ವಾಕ್ಯ ಬರೆಯಬೇಕು, ಪ್ರತಿಯೊಂದಕ್ಕೂ ಮೂರು ಅವಕಾಶ. ಐವತ್ತು ದಾಟಿ 20 ವರ್ಷ ಗ್ರೀನ್ ಕಾರ್ಡ್ ಇಟ್ಟುಕೊಂಡವರಿಗೆ, ಇಲ್ಲವೇ 55 ದಾಟಿ 15 ವರ್ಷ ಕಳೆದವರಿಗೆ ಇಂಗ್ಲಿಷ್ ಪರೀಕ್ಷೆಯೇ ಇಲ್ಲ. ದುಭಾಷಿಯನ್ನು ಜೊತೆಗೆ ಕರೆದೊಯ್ದು ತಮ್ಮ ಭಾಷೆಯಲ್ಲೇ ಉತ್ತರ ಕೊಡಬಹುದು. ಅಂದರೆ ಲಿಂಕನ್, ವಾಷಿಂಗ್ಟನ್, ಸುಪ್ರೀಂ ಕೋರ್ಟ್ ಎಲ್ಲವನ್ನೂ ಅಚ್ಚ ಕನ್ನಡದಲ್ಲಿ ಹೇಳಿ ಅಮೆರಿಕದ ಪ್ರಜೆಯಾಗಬಹುದು! ಇದು ಎಷ್ಟು ಜನಕ್ಕೆ ಗೊತ್ತಿದೆಯೋ.

ಈಗ ಆ ಇಪ್ಪತ್ತೇಳಕ್ಕೆ ಬನ್ನಿ.

1982. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ವಾಟ್ಸನ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ರಾಜ್ಯಶಾಸ್ತ್ರದ ತರಗತಿಗೆ ಪ್ರಬಂಧ ಬರೆಯಬೇಕಿತ್ತು. ವಿಷಯ ಹುಡುಕುತ್ತಾ ಗ್ರಂಥಾಲಯದಲ್ಲಿ ಕೂತವನ ಕಣ್ಣಿಗೆ ಒಂದು ಪಟ್ಟಿ ಬಿತ್ತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿ ರಾಜ್ಯಗಳಿಗೆ ಕಳಿಸಿದ, ಆದರೆ ಸಾಕಷ್ಟು ರಾಜ್ಯಗಳು ಒಪ್ಪದೆ ಮೂಲೆಗೆ ಬಿದ್ದ ತಿದ್ದುಪಡಿಗಳ ಪಟ್ಟಿ. ಅದರಲ್ಲೊಂದು 1789ರದ್ದು! ಬರೆದವನು ಸಂವಿಧಾನ ರಚಿಸಿದವರಲ್ಲೊಬ್ಬನಾದ ಜೇಮ್ಸ್ ಮ್ಯಾಡಿಸನ್. ಹೇಳುವುದಿಷ್ಟು: ಸಂಸದರು ತಮ್ಮ ಸಂಬಳವನ್ನು ತಾವೇ ಏರಿಸಿಕೊಂಡರೆ ಆ ಏರಿಕೆ ಜಾರಿಗೆ ಬರುವುದು ಮುಂದಿನ ಚುನಾವಣೆಯ ನಂತರ. ಮೊದಲು ಜನರ ಮುಂದೆ ಹೋಗಿ ಬನ್ನಿ, ಆಮೇಲೆ ದುಡ್ಡು ಎಣಿಸಿ!

ವಾಟ್ಸನ್‌ಗೆ ಮೈ ಜುಮ್ಮೆಂದದ್ದು ಬೇರೆ ಕಾರಣಕ್ಕೆ. ಈ ತಿದ್ದುಪಡಿಗೆ ಗಡುವೇ ಇರಲಿಲ್ಲ. ಇತ್ತೀಚಿನ ತಿದ್ದುಪಡಿಗಳಿಗೆ ಇಂತಿಷ್ಟು ವರ್ಷದೊಳಗೆ ಒಪ್ಪಬೇಕೆಂಬ ಷರತ್ತು ಹಾಕುತ್ತಾರೆ. ಮ್ಯಾಡಿಸನ್ ಕಾಲದಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಹಾಗಾದರೆ ಇದು ಇನ್ನೂ ಬದುಕಿದೆ! ಹುಡುಗ ಹಾಗೆಂದೇ ವಾದಿಸಿ ಪ್ರಬಂಧ ಬರೆದ. ಬಂದದ್ದು ಸಿ ಗ್ರೇಡ್. ಮರುಪರಿಶೀಲನೆ ಕೇಳಿದ. ಮತ್ತೆ ಸಿ.

ನೀವಾಗಿದ್ದರೆ, ನಾನಾಗಿದ್ದರೆ, ಎರಡು ದಿನ ಗೊಣಗಿ ಸುಮ್ಮನಾಗುತ್ತಿದ್ದೆವು. ಈ ಪುಣ್ಯಾತ್ಮ ಟೈಪ್‌ರೈಟರ್ ಮುಂದೆ ಕೂತ. ಒಂದೊಂದು ರಾಜ್ಯದ ಶಾಸಕರಿಗೂ ಪತ್ರ: ಸ್ವಾಮೀ, ನಿಮ್ಮ ರಾಜ್ಯ ಇದನ್ನಿನ್ನೂ ಒಪ್ಪಿಲ್ಲ, ಈಗಲಾದರೂ ಒಪ್ಪಿ. ಹೆಚ್ಚಿನವರು ಉತ್ತರಿಸಲೇ ಇಲ್ಲ. 1983ರಲ್ಲಿ ಮೇಯ್ನ್ ಒಪ್ಪಿತು. 1984ರಲ್ಲಿ ಕೊಲರಾಡೊ. ಅಲ್ಲಿಂದ ಒಂದರ ಹಿಂದೊಂದು. ಸಂಸದರ ಸಂಬಳದ ಮೇಲೆ ಜನಕ್ಕಿದ್ದ ಸಿಟ್ಟೂ ಅವನ ನೆರವಿಗೆ ಬಂತು. ಅಂಚೆ, ಕಾಗದ ಅಂತ ಸ್ವಂತ ಜೇಬಿನಿಂದ ಸುಮಾರು 6,000 ಡಾಲರ್ ಹೋಯಿತು. ಸಂಘವಿಲ್ಲ, ಪಕ್ಷವಿಲ್ಲ, ಒಬ್ಬನೇ!

ಬೇಕಾದದ್ದು ಐವತ್ತರಲ್ಲಿ ಮುಕ್ಕಾಲು ಪಾಲು, ಅಂದರೆ 38 ರಾಜ್ಯಗಳು. 1992ರ ಮೇ 7ರಂದು ಮಿಷಿಗನ್ ಒಪ್ಪಿದಾಗ ಗಡಿ ದಾಟಿತೆಂದು ಎಲ್ಲರೂ ಲೆಕ್ಕ ಹಾಕಿದರು. ತಮಾಷೆ ಕೇಳಿ, ಕೆಂಟಕಿ ರಾಜ್ಯ 1792ರಲ್ಲೇ ಒಪ್ಪಿಗೆ ಕೊಟ್ಟು ಅದು ಎಲ್ಲರಿಗೂ ಮರೆತುಹೋಗಿತ್ತು. ಅದನ್ನು ಸೇರಿಸಿ ಎಣಿಸಿದರೆ ಗಡಿ ದಾಟಿದ್ದು ಎರಡು ದಿನ ಮೊದಲೇ! ಇನ್ನೂರೆರಡು ವರ್ಷ ಏಳು ತಿಂಗಳು ಕಾದ ತಿದ್ದುಪಡಿಗೆ ಎರಡು ದಿನ ಯಾವ ಲೆಕ್ಕ ಬಿಡಿ. ಹೋಲಿಕೆಗೆ ಹೇಳುವುದಾದರೆ, ಹದಿನೆಂಟು ವರ್ಷಕ್ಕೆ ಮತದಾನದ ಹಕ್ಕು ಕೊಟ್ಟ 26ನೇ ತಿದ್ದುಪಡಿ 1971ರಲ್ಲಿ ನೂರೇ ದಿನದಲ್ಲಿ ಮುಗಿದಿತ್ತು. ಇನ್ನು ಸಂಬಳಕ್ಕೆ ಕಡಿವಾಣ ಹಾಕಿಸಿಕೊಂಡ ಸಂಸದರು? ಪ್ರತಿನಿಧಿ ಸಭೆಯಲ್ಲಿ 414–3, ಸೆನೆಟ್‌ನಲ್ಲಿ 99–0 ಮತಗಳಿಂದ ಅವರೂ ಅಸ್ತು ಅಂದರು. ಬೇಡ ಅನ್ನುವ ಧೈರ್ಯ ಯಾರಿಗಿದ್ದೀತು?

ವಿಶ್ವವಿದ್ಯಾಲಯ ಆ ಗ್ರೇಡನ್ನು ತಿದ್ದಿ ಎ ಕೊಟ್ಟದ್ದು 2017ರಲ್ಲಿ. ಪ್ರಬಂಧಕ್ಕೆ ಮೂವತ್ತೈದು ವರ್ಷವಾಗಿತ್ತು.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಎಲ್ಲಿ ಮುಗಿಯುತ್ತದೆ! 1789ರಲ್ಲಿ ಕಾಂಗ್ರೆಸ್ ಕಳಿಸಿದ್ದು ಹನ್ನೆರಡು ತಿದ್ದುಪಡಿಗಳನ್ನು. ಮೊದಲೆರಡು ಬಿದ್ದುಹೋಗಿ, ಉಳಿದ ಹತ್ತು 1791ರಲ್ಲಿ ಹಕ್ಕುಗಳ ಮಸೂದೆಯಾದವು. ವಾಕ್ ಸ್ವಾತಂತ್ರ್ಯದ ಹೆಸರೆತ್ತಿದರೆ ಅಮೆರಿಕನ್ನರು ಎದೆ ಉಬ್ಬಿಸಿ ಹೇಳುವ ಆ ಮೊದಲನೇ ತಿದ್ದುಪಡಿ ಇದೆಯಲ್ಲ, ಮೂಲ ಪಟ್ಟಿಯಲ್ಲಿ ಅದು ಮೂರನೆಯದು! ವಾಟ್ಸನ್ ಎಬ್ಬಿಸಿ ಕೂರಿಸಿದ್ದು ಎರಡನೆಯದನ್ನು. ಮೊದಲನೆಯದು ಇವತ್ತಿಗೂ ಗಡುವಿಲ್ಲದೆ ಹಾಗೇ ಕಾದಿದೆ.

ಅದು ಪ್ರತಿನಿಧಿ ಸಭೆ ಎಷ್ಟು ದೊಡ್ಡದಿರಬೇಕೆಂಬ ಬಗ್ಗೆ. ಪುಸ್ತಿಕೆಯಲ್ಲಿ ಇದಕ್ಕೂ ಒಂದು ಪ್ರಶ್ನೆಯಿದೆ, ಉತ್ತರ 435. ಈ ಅಂಕಿ ಸಂವಿಧಾನದಲ್ಲೆಲ್ಲೂ ಇಲ್ಲ, 1911ರ ಒಂದು ಮಾಮೂಲಿ ಕಾಯ್ದೆಯಿಂದ ಬಂದು 1929ರಲ್ಲಿ ಗಟ್ಟಿಯಾದದ್ದು. ಆ ಹಳೆಯ ಪ್ರಸ್ತಾವದಲ್ಲಿರುವ ಐವತ್ತು ಸಾವಿರಕ್ಕೊಬ್ಬರೆಂಬ ಪ್ರಮಾಣವನ್ನು ಇಂದಿನ ಸುಮಾರು 34 ಕೋಟಿ ಜನಕ್ಕೆ ಹಚ್ಚಿದರೆ ಸದಸ್ಯರು 6,800 ಆಗುತ್ತಾರೆ. ಅಷ್ಟು ಜನ ಒಂದೇ ಸಭೆಯಲ್ಲಿ ಕೂಗಾಡುವುದನ್ನು ಊಹಿಸಿಕೊಳ್ಳಿ!

ಪುಸ್ತಿಕೆಯ ಇನ್ನೊಂದು ಅಂಕಿ, ಒಂಬತ್ತು. ಸುಪ್ರೀಂ ಕೋರ್ಟಿನ ಸ್ಥಾನಗಳು. ಈ ಒಂಬತ್ತರೊಳಗೆ ಅಡಗಿರುವುದು ನಮ್ಮವರ ಕಥೆ, ಮತ್ತು ಅದನ್ನು ಓದಿ ನಗುವಂತಿಲ್ಲ. 1790ರ ಕಾಯ್ದೆಯ ಪ್ರಕಾರ ವಲಸೆ ಬಂದವರಲ್ಲಿ ಸ್ವತಂತ್ರರಾದ ಬಿಳಿಯರಿಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರಿಗೂ ಬಾಗಿಲು ತೆರೆಯಿತು. ಏಷ್ಯಾದವರು? 1922ರ ನವೆಂಬರ್‌ನಲ್ಲಿ ಪೌರತ್ವ ಕೇಳಿ ಬಂದ ಜಪಾನಿನ ತಕಾವೊ ಒಜಾವಾಗೆ ಕೋರ್ಟು ಹೇಳಿತು: ಬಿಳಿಯರೆಂದರೆ ಕಕೇಷಿಯನ್ ಜನಾಂಗದವರು, ನೀನಲ್ಲ. ಮೂರೇ ತಿಂಗಳಿಗೆ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಸರದಿ. ಪೇಟ ಕಟ್ಟಿಯೇ ಅಮೆರಿಕದ ಸೈನ್ಯದಲ್ಲಿ ದುಡಿದವರು. ಸರಿ, ನಿಮ್ಮ ಮಾತಿನಂತೆಯೇ ಮಾನವಶಾಸ್ತ್ರದ ಪುಸ್ತಕ ತೆಗೆಯಿರಿ, ನಾನೂ ಕಕೇಷಿಯನ್ ಎಂಬುದು ಅವರ ವಾದ. ಕೋರ್ಟು ಏನೆನ್ನಬೇಕು? ಶಾಸ್ತ್ರ ಯಾರಿಗೆ ಬೇಕು, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯನಲ್ಲ! ಎರಡೂ ತೀರ್ಪು ಬರೆದದ್ದು ಒಂದೇ ಕೈ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಆತ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಮಗುವಾಗಿದ್ದಾಗ ಅಮೆರಿಕಕ್ಕೆ ಬಂದವನು. ವಲಸಿಗ!

ಆ ತೀರ್ಪಿನ ಬಲದಲ್ಲಿ ಅದಾಗಲೇ ಪ್ರಜೆಗಳಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಮಾಜಿ ಸೈನಿಕರಿಗೆಂದು ಬಂದ ಹೊಸ ಕಾನೂನಿನಿಂದ ಥಿಂಡ್ ಅವರಿಗೆ 1936ರಲ್ಲಿ ಪೌರತ್ವ ದಕ್ಕಿತು. ಉಳಿದ ಭಾರತೀಯರು 1946ರವರೆಗೆ ಕಾಯಬೇಕಾಯಿತು.

ಹಾಗೆ ಕಾದವರಲ್ಲೊಬ್ಬರು ದಲೀಪ್ ಸಿಂಗ್ ಸೌಂದ್. ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಪಡೆದು, ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಲೆಟಿಸ್ ಬೆಳೆಯುತ್ತಿದ್ದ ಮನುಷ್ಯ. 1949ರಲ್ಲಿ ಪ್ರಜೆಯಾದರು. ಮರುವರ್ಷವೇ ಊರಿನ ನ್ಯಾಯಾಧೀಶರ ಚುನಾವಣೆ ಗೆದ್ದರೆ, ನೀನು ಪ್ರಜೆಯಾಗಿ ವರ್ಷ ತುಂಬಿಲ್ಲ ಎಂದು ಕುರ್ಚಿಯನ್ನೇ ಕೊಡಲಿಲ್ಲ. ಮತ್ತೆ ನಿಂತರು, ಮತ್ತೆ ಗೆದ್ದರು. 1956ರಲ್ಲಿ ಆ 435ರಲ್ಲಿ ಒಬ್ಬರಾಗಲು ಸ್ಪರ್ಧಿಸಿದಾಗ ಎದುರಾಳಿ ಯಾರು ಗೊತ್ತೇ? ಜಾಕ್ವೆಲಿನ್ ಕಾಕ್ರನ್! ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಜಗತ್ತಿನ ಮೊದಲ ಮಹಿಳೆ. ಲೆಟಿಸ್ ಬೆಳೆಗಾರ ಆಕೆಯನ್ನು ಸೋಲಿಸಿ ವಾಷಿಂಗ್ಟನ್ನಿಗೆ ಹೊರಟೇಬಿಟ್ಟರು.