ಬೋನಿನಿಂದ ಮರುಭೂಮಿಗೆ

ಪ್ರಶ್ನೆ: ಮೃಗಾಲಯಗಳಿಂದ ಯಾವ ಪ್ರಾಣಿಯಾದರೂ ನಿಜಕ್ಕೂ ಅಳಿವಿನಿಂದ ಪಾರಾಗಿದೆಯೇ?

ಉತ್ತರ: ಪಾರಾಗಿದೆ. ಬಿಳಿ ಮೈಯ, ಉದ್ದ ನೇರ ಕೊಂಬಿನ ಹುಲ್ಲೆ ಅರೇಬಿಯನ್ ಆರಿಕ್ಸ್ ಇದಕ್ಕೆ ಒಳ್ಳೆಯ ಸಾಕ್ಷಿ. ಜೀಪು, ಬಂದೂಕು ಹಿಡಿದು ಬಂದ ಬೇಟೆಗಾರರು 1972ರ ಹೊತ್ತಿಗೆ ಕಾಡಿನ ಆರಿಕ್ಸ್‌ಗಳನ್ನು ಮುಗಿಸಿಬಿಟ್ಟಿದ್ದರು. ಅಷ್ಟರಲ್ಲೇ, 1960ರ ದಶಕದ ಆರಂಭದಲ್ಲಿ, ಅಲ್ಲಿಲ್ಲಿಂದ ಕಲೆಹಾಕಿದ ಒಂಬತ್ತು ಪ್ರಾಣಿಗಳಿಂದ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂದು ಹಿಂಡು ಬೆಳೆಯತೊಡಗಿತ್ತು. ಅದರ ಸಂತತಿಯನ್ನು ಒಮಾನಿಗೆ ಒಯ್ದರು. ನೇರವಾಗಿ ಬಿಡಲಿಲ್ಲ, ಯಾಲೂನಿ ಎಂಬಲ್ಲಿ ಬೇಲಿಯೊಳಗಿಟ್ಟು, ಅವು ತಮ್ಮೊಳಗೆ ಮೇಲು ಕೀಳು ತೀರ್ಮಾನಿಸಿಕೊಂಡು ಒಂದು ಹಿಂಡಾಗುವವರೆಗೆ ಕಾದು, 1982ರಲ್ಲಿ ಬಾಗಿಲು ತೆರೆದರು. ಕಾವಲಿಗೆ ನಿಂತವರು ಅದೇ ಮರುಭೂಮಿಯ ಹರಾಸಿಸ್ ಬುಡಕಟ್ಟಿನವರು.

ಆದರೆ ಮುಂದೇನಾಯಿತು ಎಂದು ನೀವು ಕೇಳಬಹುದು, ಕೇಳಲೇಬೇಕು. 1996ರ ಸುಮಾರಿಗೆ ನಾನ್ನೂರೈವತ್ತಕ್ಕೆ ಏರಿದ್ದ ಸಂಖ್ಯೆ ಕಳ್ಳಬೇಟೆಯಿಂದ ಮತ್ತೆ ಕುಸಿಯಿತು. ಆರಿಕ್ಸ್‌ಗಳಿದ್ದ ಅಭಯಾರಣ್ಯದ ಶೇ. 90ರಷ್ಟು ಭಾಗವನ್ನೇ ಒಮಾನ್ ಕೈಬಿಟ್ಟಾಗ, 2007ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆ ಪಟ್ಟಿಯಿಂದ ತೆಗೆದುಹಾಕಿತು. ಹಾಗಾದರೆ ಮೃಗಾಲಯದ ಶ್ರಮ ವ್ಯರ್ಥವೇ? ನನಗೆ ಹಾಗನಿಸುವುದಿಲ್ಲ. ಬೀಜ ಕಾಪಿಡುವುದು ಒಂದು ಕೆಲಸ, ಹೊಲ ಕಾಯುವುದು ಇನ್ನೊಂದು. ಎರಡನೆಯದರಲ್ಲಿ ಸೋತದ್ದಕ್ಕೆ ಮೊದಲನೆಯದನ್ನು ದೂರಲಾಗದು. ಕಳ್ಳಬೇಟೆಯಿಂದ ಉಳಿದ ಆರಿಕ್ಸ್‌ಗಳಲ್ಲಿ ಕೆಲವನ್ನು ಮತ್ತೆ ಬೇಲಿಯೊಳಗೆ ತಂದೇ ಒಮಾನ್ ಕಾಪಾಡಿತು. ಸೌದಿ ಅರೇಬಿಯಾ, ಇಸ್ರೇಲ್‌ಗಳಲ್ಲೂ ಆರಿಕ್ಸ್‌ಗಳನ್ನು ಕಾಡಿಗೆ ಬಿಡಲಾಗಿತ್ತು. ಹೀಗಾಗಿ 2011ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಆರಿಕ್ಸನ್ನು ಅಳಿವಿನಂಚಿನ ವರ್ಗದಿಂದ ಅದಕ್ಕಿಂತ ಕಡಿಮೆ ಅಪಾಯದ ವರ್ಗಕ್ಕೆ ಬದಲಿಸಿತು. ಇಂಥ ಯೋಜನೆ ಒಂದೂ ಇಲ್ಲದೆ ಬರೀ ಟಿಕೆಟ್ ಹರಿಯುವ ಮೃಗಾಲಯಗಳ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿರುವ ಗುಮಾನಿ ಮಾತ್ರ ಸರಿಯಾದದ್ದೇ.